ಕಿವಿ ಮಷಿನ್ ಹಾಕಿದ ಮೇಲೆ ಮನೆಯಲ್ಲೇ ಮಾಡಿಸುವ ಅಭ್ಯಾಸ

ಶಿರಸಿ ಕಡೆಯ ಬಂಧುಗಳೇ, ಮನೆಯ ಹಿರಿಯರಿಗೆ ಕಿವಿ ಮಷಿನ್ ಹಾಕಿಸಿದವರು ದಯವಿಟ್ಟು ಓದಿ. ಮಷಿನ್ ಶಬ್ದವನ್ನು ದೊಡ್ಡದು ಮಾಡುತ್ತದೆ, ಅದರೊಳಗಿನ ಮಾತನ್ನು ಹೆಕ್ಕಿ ಅರ್ಥ ಮಾಡಿಕೊಳ್ಳಬೇಕಾದ್ದು ಮಿದುಳು. ಗಮನ, ಕ್ಷಣದ ನೆನಪು ಎರಡೂ ವಯಸ್ಸಾದಂತೆ ಸಡಿಲಾಗುವುದರಿಂದ ಪೇಟೆಯ ಗದ್ದಲದಲ್ಲಿ "ಕೇಳ್ತದೆ, ತಿಳೀತಿಲ್ಲೆ" ಅನ್ನುತ್ತಾರೆ.

ಇದು ರೂಢಿಯಾಗಲೆಂದು ನಮ್ಮ ಆಯಿಗೆ ಮಾಡಿಸುವ ಅಭ್ಯಾಸ ಹೀಗೆ. ಪೇಪರಿನಿಂದ ಸಣ್ಣ ವಾಕ್ಯ ಓದುತ್ತೇವೆ, ಅವರು ತಿರುಗಿ ಹೇಳುತ್ತಾರೆ. ಆಮೇಲೆ ಮೂರು ವಾಕ್ಯ ಓದಿ, ಪ್ರತಿಯೊಂದರ ಮೊದಲ ಪದ ಯಾವುದಿತ್ತು ಎಂದು ಸಾಲಾಗಿ ಕೇಳುತ್ತೇವೆ. ಸಲೀಸಾದ ಮೇಲೆ ರೇಡಿಯೋ ಸಣ್ಣಗೆ ಹಚ್ಚಿಟ್ಟು ಅದನ್ನೇ ಮಾಡಿಸಿ. ತಾಳಮದ್ದಳೆ ರಸಿಕರಾದರೆ ಇನ್ನೂ ಒಳ್ಳೆಯದು: ಒಂದು ತುಣುಕು ಕೇಳಿಸಿ, ಕೃಷ್ಣ ಏನಂದ, ಕೌರವ ಏನಂದ ಎಂದು ಕೇಳಿ. ಕಥೆ ಮೊದಲೇ ಗೊತ್ತಿರುವುದರಿಂದ, ತಪ್ಪಿಹೋದ ಶಬ್ದವನ್ನು ಸಂದರ್ಭದಿಂದ ಹಿಡಿಯುವುದು ರೂಢಿಯಾಗುತ್ತದೆ. ದಿನನಿತ್ಯದ ಮಾತುಕತೆಗೆ ಬೇಕಾದದ್ದೂ ಅದೇ.

ದಿನಕ್ಕೆ 15-20 ನಿಮಿಷ ಸಾಕು, ದಣಿದರೆ ನಿಲ್ಲಿಸಿ. ಕೂಗಬೇಡಿ, ಕೂಗಿದರೆ ಮಾತಿನ ಸ್ಪಷ್ಟತೆಯೇ ಕೆಡುತ್ತದೆ. ಮುಖ ಕಾಣುವಂತೆ ಕುಳಿತು ನಿಧಾನವಾಗಿ ಹೇಳಿ. ನಮ್ಮ ಮಳೆಗಾಲದ ತೇವಕ್ಕೆ ಮಷಿನ್ ಹಾಳಾಗದಂತೆ ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಇಷ್ಟಾಗಿಯೂ ಮಾತು ತಿಳಿಯದಿದ್ದರೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಸೆಟ್ಟಿಂಗ್ ಮತ್ತೊಮ್ಮೆ ನೋಡಿಸಿ.