ಗಾರ್ಬೆಟ್ ಏರಿ ಶಾರ್ಲೆಟ್ ಕೆರೆಗೆ: ಕೈಗಡಿಯಾರ ನೋಡಿಕೊಂಡು ನಡೆಯಬೇಕಾದ ದಾರಿ

ಮುಂಬಯಿ ಬಳಿಯ ಗಿರಿಧಾಮ ಮಾಥೇರಾನಿನ ಶಾರ್ಲೆಟ್ ಕೆರೆ ನೋಡುವುದಷ್ಟೇ ಆಸೆಯಾದರೆ ನೇರಳ್‌ನಿಂದ ಟ್ಯಾಕ್ಸಿ ಹಿಡಿದು, ಟ್ಯಾಕ್ಸಿಗಳ ಕೊನೆಯ ನಿಲ್ದಾಣ ದಸ್ತೂರಿ ನಾಕಾದಲ್ಲಿ ಇಳಿದು, ಕೆಂಪು ದಾರಿಯಲ್ಲಿ ಒಂದೂವರೆ ತಾಸು ನಡೆದರೆ ಆಯಿತು. ಡೊಂಬಿವಲಿ ಕಡೆಯಿಂದ ಹೊರಡುವ ನಾವು ಹಿಡಿಯುವುದು ಭಿವಪುರಿ ರೋಡ್ ಸ್ಟೇಷನ್ನಿನಿಂದ ಗಾರ್ಬೆಟ್ ಪಠಾರ (ಬೆಟ್ಟದ ಮೇಲಿನ ಬಯಲು) ಏರಿ ಹೋಗುವ ದಾರಿ. ಈ ದಾರಿಯಲ್ಲಿ ಹೊರಟ ಎಷ್ಟೋ ತಂಡಗಳು ಕೆರೆ ನೋಡದೆಯೇ ವಾಪಸಾಗುತ್ತವೆ. ಅವರನ್ನು ಸೋಲಿಸುವುದು ಏರಲ್ಲ, ಗಡಿಯಾರ. ಗಾರ್ಬೆಟ್ ಇರುವುದು ಬೆಟ್ಟದ ಪೂರ್ವದ ಚಾಚಿನಲ್ಲಿ, ಕೆರೆ ಇರುವುದು ಊರು ದಾಟಿ ಇನ್ನೊಂದು ಬದಿಯಲ್ಲಿ. ತುದಿ ಮುಟ್ಟಿದೆವು, ಮುಗಿಯಿತು ಎಂದು ಪಠಾರದ ಹುಲ್ಲಿನ ಮೇಲೆ ಎರಡು ತಾಸು ಮಲಗಿದರೆ ಕೆರೆ ಕೈತಪ್ಪಿತೆಂದೇ ಲೆಕ್ಕ.

ಹಾಗಾಗಿ ನಾವು ಲೆಕ್ಕವನ್ನು ಹಿಂದಿನಿಂದ ಹಾಕುತ್ತೇವೆ. ಐದೂವರೆಗೆ ದಸ್ತೂರಿಯಲ್ಲಿ ಟ್ಯಾಕ್ಸಿ ಹತ್ತಬೇಕಾದರೆ ನಾಲ್ಕಕ್ಕೆ ಕೆರೆ ಬಿಡಬೇಕು. ಮೂರಕ್ಕೆ ಕೆರೆ ತಲುಪಬೇಕಾದರೆ ಹನ್ನೆರಡಕ್ಕೆ ಗಾರ್ಬೆಟ್ ಪಾಯಿಂಟ್ ಬಿಟ್ಟಿರಬೇಕು. ಭಿವಪುರಿಯಿಂದ ಪಾಯಿಂಟ್‌ವರೆಗೆ ನಿಧಾನಕ್ಕೆ ನಾಲ್ಕು ತಾಸು, ಮೇಲೆ ಅರ್ಧ ತಾಸು ಬಿಡುವು ಇಟ್ಟುಕೊಳ್ಳಿ. ಅಂದರೆ ಏಳೂವರೆಗೆಲ್ಲ ಕಾಲು ನೆಲದ ಮೇಲಿರಬೇಕು. ಬದಲಾಪುರ ಲೋಕಲ್ ಹತ್ತಿ ಪ್ರಯೋಜನವಿಲ್ಲ; ಕರ್ಜತ್ ಅಥವಾ ಖೋಪೋಲಿ ಗಾಡಿಯೇ ಆಗಬೇಕು. ಬದಲಾಪುರ ದಾಟಿದ ಮೇಲೆ ಗಾಡಿಗಳು ವಿರಳ, ಒಂದು ತಪ್ಪಿದರೆ ಬೆಳಗಿನ ತಂಪೂ ತಪ್ಪುತ್ತದೆ.

ಸ್ಟೇಷನ್ನಿನಿಂದ ಪಶ್ಚಿಮಕ್ಕೆ, ಬೆಟ್ಟ ಕಾಣುವ ದಿಕ್ಕಿಗೆ. ಡಿಕ್ಸಳ ದಾಟಿ ಪಾಳಿ ಭೂತಿವಲಿ ಅಣೆಕಟ್ಟಿನ ಕಡೆ ಹೋಗಿ, ಅಲ್ಲಿಂದ ಸಾಗಾಚಿ ವಾಡಿ ಎಂಬ ಹಟ್ಟಿಗೆ ಏರಬೇಕು. ಕೆಳಗಿನ ಈ ಭಾಗದಲ್ಲೇ ದಾರಿ ತಪ್ಪುವುದು ಹೆಚ್ಚು. ಗದ್ದೆಯ ಬದು, ದನದ ಜಾಡು, ಸೌದೆಯವರ ಜಾಡು ಎಲ್ಲ ಒಂದೇ ತರಹ ಕಾಣುತ್ತವೆ. ದನದ ಜಾಡು ಪೊದೆಯ ಕೆಳಗೆ ಸೊಂಟದೆತ್ತರಕ್ಕೆ ಮಾತ್ರ ತೆರೆದಿರುತ್ತದೆ. ಮನುಷ್ಯರ ದಾರಿಯಲ್ಲಿ ತಲೆಯೆತ್ತರದ ಕೊಂಬೆಗಳೂ ಮುರಿದಿರುತ್ತವೆ. ಬಗ್ಗಿ ಬಗ್ಗಿ ನಡೆಯುತ್ತಿದ್ದೀರಿ ಎಂದಾದರೆ ಹಿಂದಿರುಗಿ. ವಾಡಿಯವರನ್ನು ಕೇಳುವಾಗ ‘ಇದೇ ದಾರಿಯಾ?’ ಎಂದು ಕೇಳಬೇಡಿ, ‘ಹೋ’ (ಹೌದು) ಎಂದುಬಿಡುತ್ತಾರೆ. ‘ಮಾಥೇರಾನ್‌ಚೀ ವಾಟ್ ಕುಠಲೀ?’ (ಮಾಥೇರಾನಿನ ದಾರಿ ಯಾವುದು?) ಎಂದು ಮರಾಠಿಯಲ್ಲಿ ಕೇಳಿ ಕೈ ತೋರಿಸುವವರೆಗೆ ಕಾಯಿರಿ.

ವಾಡಿಯ ಮೇಲೆ ನಿಜವಾದ ಏರು. ಕಲ್ಲೆಲ್ಲ ಸಹ್ಯಾದ್ರಿಯ ಕರಿಕಲ್ಲು. ಒಣಗಿದ್ದಾಗ ಅದರಷ್ಟು ನಂಬಿಕೆಯದು ಬೇರೆ ಇಲ್ಲ, ಹಾವಸೆ ಕಟ್ಟಿದಾಗ ಅದರಷ್ಟು ಮೋಸದ್ದೂ ಇಲ್ಲ. ಮಳೆಗಾಲದಲ್ಲಿ ಹೊಳೆಯುವ ಕಪ್ಪು ಜಾಗ ಬಿಟ್ಟು, ಹುಲ್ಲು ಕಚ್ಚಿಕೊಂಡ ಅಂಚಿನ ಮೇಲೆ ಪಾದವನ್ನು ಪೂರ್ತಿ ಊರಬೇಕು. ಕಡಿದಾದ ಕಡೆ ಕೈಗೆ ಸಿಗುವುದು ಕಾರ್ವಿ ಗಿಡ. ಬೆರಳು ದಪ್ಪದ, ಗಂಟುಗಂಟಾದ ಕಡ್ಡಿ. ಇಲ್ಲಿನ ಆದಿವಾಸಿಗಳು ಗುಡಿಸಿಲಿನ ಗೋಡೆಗೆ ಇದನ್ನೇ ಹೆಣೆದು ಸಗಣಿ ಮೆತ್ತುತ್ತಾರೆ. ಹಸಿ ಗಿಡವಾದರೆ ಬುಡದಲ್ಲಿ ಹಿಡಿದರೆ ಭಾರ ತಡೆಯುತ್ತದೆ. ಹೂ ಬಿಟ್ಟು ಸತ್ತ ಗಿಡ ನಿಂತಲ್ಲೇ ಒಣಗಿರುತ್ತದೆ, ಕೈಯಿಟ್ಟರೆ ಚಟ್ ಎನ್ನುತ್ತದೆ. ಮೊದಲು ಒಮ್ಮೆ ಅಲುಗಿಸಿ ನೋಡಿ, ಆಮೇಲೆ ಭಾರ ಬಿಡಿ.

ಜುಲೈ, ಆಗಸ್ಟ್‌ನಲ್ಲಿ ಮೊದಲ ಹಳ್ಳವೇ ತೀರ್ಪುಗಾರ. ನೀರು ಮೊಣಕಾಲು ದಾಟಿದರೆ, ಇಲ್ಲವೇ ಬಣ್ಣ ಕೆಂಪಾಗಿ ಕಡ್ಡಿಕಸ ಹೊತ್ತು ಬರುತ್ತಿದ್ದರೆ ಅಲ್ಲಿಂದಲೇ ಹಿಂದಕ್ಕೆ. ಮೇಲೆ ಮಳೆ ಹೊಡೆಯುತ್ತಿದೆ ಎಂದೇ ಅದರ ಅರ್ಥ, ಕೆಳಗೆ ಬಿಸಿಲಿದ್ದರೂ. ನಮಗೆ ಹೇಳಿ ಮಾಡಿಸಿದ ಸಮಯ ಸೆಪ್ಟೆಂಬರ್ ಕೊನೆಯ ವಾರ: ಝರಿಗಳಲ್ಲಿ ನೀರಿರುತ್ತದೆ, ಮಂಜು ಎದ್ದುಹೋಗುತ್ತದೆ. ಅಕ್ಟೋಬರ್ ನಡುವಿನ ಧಗೆ ಮಾತ್ರ ಬೇಡ. ಪಠಾರದ ಮೇಲೆ ಮರವೇ ಇಲ್ಲ.

ನೀರು ತಲೆಗೆ ಮೂರು ಲೀಟರ್. ಅದರಲ್ಲಿ ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸುತ್ತೇವೆ, ಚಹಾ ಚಮಚದಲ್ಲಿ ಸಮತಟ್ಟಾಗಿ ಅಳೆದು. ಉಪ್ಪು ಹೆಚ್ಚಾದರೆ ಉಪಕಾರಕ್ಕಿಂತ ಅಪಾಯವೇ ಜಾಸ್ತಿ. ಬುತ್ತಿಗೆ ಚಪಾತಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ. ಮೊಸರನ್ನ ಬೆನ್ನಿನ ಶಾಖಕ್ಕೆ ಹನ್ನೊಂದು ಗಂಟೆಗೇ ಹುಳಿಯಾಗುತ್ತದೆ. ನೀರುದೋಸೆ ಒಂದಕ್ಕೊಂದು ಅಂಟಿ ಹಿಟ್ಟಿನ ಮುದ್ದೆಯಾಗುತ್ತದೆ, ಎಷ್ಟು ಬಾಳೆಲೆ ಸುತ್ತಿದರೂ.

ಪಠಾರದ ಮೇಲೆ ಮಂಜಿದ್ದರೆ ಅಂಚಿಗೆ ಹೋಗಬೇಡಿ. ಹುಲ್ಲು ಅಂಚಿನಾಚೆಗೂ ಬಾಗಿರುವುದರಿಂದ ನೆಲ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಗಾರ್ಬೆಟ್ ಪಾಯಿಂಟ್‌ನಿಂದ ದಸ್ತೂರಿ ಕಡೆಗೆ ಕಾಡಿನ ನೆರಳಲ್ಲಿ ಸುಮಾರು ಒಂದೂಕಾಲು ತಾಸು. ಊರಿಗೆ ಪ್ರವೇಶ ಶುಲ್ಕವುಂಟು, ನಡೆದು ಬಂದವರಿಗೂ. ಮುಂದಕ್ಕೆ ಪೇಟೆವರೆಗೆ ಚಿಕ್ಕ ರೈಲಿನ ಹಳಿಯ ಪಕ್ಕದಲ್ಲೇ ಮುಕ್ಕಾಲು ತಾಸು. ಹಳಿ ಎರಡು ಅಡಿ ಅಗಲದ್ದು, 1907ರಲ್ಲಿ ಶುರುವಾದದ್ದು. ನೇರಳ್‌ನಿಂದ ಬರುವ ಗಾಡಿ ಮಳೆಗಾಲದಲ್ಲಿ ನಿಂತಿರುತ್ತದೆ. ದಸ್ತೂರಿ ಪಕ್ಕದ ಅಮನ್ ಲಾಡ್ಜ್ ಸ್ಟೇಷನ್ನಿನಿಂದ ಪೇಟೆಗೆ ಶಟಲ್ ರೈಲು ಇರುತ್ತದೆ, ಆದರೆ ಅದರ ಕ್ಯೂ ನಿಲ್ಲುವಷ್ಟರಲ್ಲಿ ನಡೆದೇ ಮುಟ್ಟಬಹುದು.

ಇಲ್ಲಿಂದ ನೆಲ ಬದಲು. ಕರಿಕಲ್ಲಿನ ಮೇಲೆ ಟೋಪಿ ಇಟ್ಟಂತೆ ಮುರಕಲ್ಲು. ಮಂಗಳೂರು ಕಡೆಯವರಿಗೆ ಊರಿನ ನೆನಪಾಗದೆ ಇರದು. ಒಣ ದಿನಗಳಲ್ಲಿ ಗಟ್ಟಿ ನೆಲದ ಮೇಲೆ ಸಣ್ಣ ಹರಳು ಹರಡಿಕೊಂಡು ಗೋಲಿಯಂತೆ ಉರುಳುತ್ತದೆ. ಕಡಿದಾದ ಏರಿನಲ್ಲಿ ಬೀಳದವರು ಈ ಇಳಿಜಾರಿನಲ್ಲಿ ಬೀಳುತ್ತಾರೆ. ಹೆಜ್ಜೆ ಚಿಕ್ಕದಾಗಿಡಿ, ಕುದುರೆ ಬಂದರೆ ಗುಡ್ಡದ ಬದಿಗೆ ಸರಿಯಿರಿ, ಪ್ರಪಾತದ ಬದಿಗಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಮಂಗಗಳು ಬಿಡುವುದಿಲ್ಲ. ಬುತ್ತಿಯನ್ನು ಪೇಟೆಗೆ ಮೊದಲೇ ತಿಂದು ಮುಗಿಸುವುದು ಜಾಣತನ.

ಪೇಟೆಯಿಂದ ಅರ್ಧ ತಾಸು ದಾಟುವಷ್ಟರಲ್ಲಿ ಕೆರೆ. ದಟ್ಟ ಮರಗಳ ನಡುವೆ ಕಟ್ಟೆ ಹಾಕಿ ನಿಲ್ಲಿಸಿದ ನೀರು, ದಂಡೆಯಲ್ಲಿ ಪಿಸರನಾಥನ ಗುಡಿ. ಮಳೆಗಾಲದಲ್ಲಿ ಕೋಡಿ ಹರಿದು ನೀರು ಬಂಡೆಯಂಚಿನಿಂದ ಕೆಳಕ್ಕೆ ಧುಮುಕುತ್ತದೆ. ಊರಿಗೆ ಕುಡಿಯುವ ನೀರು ಇದೇ, ಆದ್ದರಿಂದ ಇಳಿಯುವಂತಿಲ್ಲ, ಕೆಸರು ಬೂಟು ತೊಳೆಯುವಂತೆಯೂ ಇಲ್ಲ. ಚಂದ ನೋಡಬೇಕಾದರೆ ಕಟ್ಟೆಯ ಮೇಲಿನ ಜಂಗುಳಿ ಬಿಟ್ಟು ಪಕ್ಕದ ಎಕೋ ಪಾಯಿಂಟ್‌ಗೆ ನಾಲ್ಕು ಹೆಜ್ಜೆ ಹಾಕಿ.

ನಾಲ್ಕಕ್ಕೆ ಏಳಲೇಬೇಕು. ದಸ್ತೂರಿಯಲ್ಲಿ ಶೇರ್ ಟ್ಯಾಕ್ಸಿ ತುಂಬಿದ ಮೇಲೆಯೇ ಹೊರಡುತ್ತದೆ. ಭಾನುವಾರ ಸಂಜೆ ನೇರಳ್‌ನಲ್ಲಿ ಮುಂಬಯಿ ಕಡೆಯ ಗಾಡಿ ಹತ್ತಿದರೆ ಡೊಂಬಿವಲಿವರೆಗೆ ನಿಂತೇ ಇರಬೇಕು. ನಾವು ಎದುರು ದಿಕ್ಕಿನ ಗಾಡಿ ಹತ್ತಿ ಎರಡು ಸ್ಟೇಷನ್ ಹಿಂದಕ್ಕೆ ಕರ್ಜತ್‌ಗೆ ಹೋಗಿ, ಅಲ್ಲಿಂದ ಹೊರಡುವ ಲೋಕಲ್‌ನಲ್ಲಿ ಕೂತು ಬರುತ್ತೇವೆ. ಕರ್ಜತ್‌ಗೆ ಬೇರೆ, ಅಲ್ಲಿಂದ ಮನೆಗೆ ಬೇರೆ ಟಿಕೆಟ್ ತೆಗೆಯಬೇಕು.