ಡ್ರೋನ್‌ಗೆ ಕಿವಿ ಇಲ್ಲ

ಯುದ್ಧದ ವಿಡಿಯೊಗಳು ನಿಜವೋ ಸುಳ್ಳೋ ಅಂತ ನೋಡುವ ಕೆಲಸಕ್ಕೆ ನಾನು ಇಳಿದದ್ದು 2022ರಲ್ಲಿ. ಸೇನೆಯಲ್ಲಿ ಇದ್ದವನಲ್ಲ, ಮಾರ್ಟರ್ (ಸಿಡಿಗುಂಡು ಅಂದರೆ ಶೆಲ್ಲನ್ನು ಎತ್ತರಕ್ಕೆ ಹಾರಿಸುವ ಚಿಕ್ಕ ತೋಪು) ಮುಟ್ಟಿ ನೋಡಿದವನೂ ಅಲ್ಲ. ಒಂದು ಲ್ಯಾಪ್‌ಟಾಪ್, ಒಂದು ಒಳ್ಳೆ ಹೆಡ್‌ಫೋನ್, ಅಷ್ಟೇ ನನ್ನ ಆಸ್ತಿ. ಶುರುವಿನಲ್ಲೇ ಒಂದು ದೊಡ್ಡ ಎಡವಟ್ಟು ಮಾಡಿಕೊಂಡೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಹನ್ನೊಂದು ಸೆಕೆಂಡಿನ ವಿಡಿಯೊ ಅದು, ಮೇಲಿಂದ ತೆಗೆದದ್ದು. ಮರಗಳ ಸಾಲು, ಪಕ್ಕದಲ್ಲಿ ಕಂದಕ, ಒಂದರ ಹಿಂದೆ ಒಂದು ನಾಲ್ಕು ಹೊಗೆ, ಜೊತೆಗೆ ಢಂ ಢಂ ಢಂ ಢಂ. ಆಡಿಯೊ ಬೇರೆ ಮಾಡಿ ಅದರ ಅಲೆ ನೋಡಿದೆ. ನಾಲ್ಕು ಗೋಪುರ, ಅರ್ಧ ಸೆಕೆಂಡಿಗೂ ಕಡಿಮೆ ಅಂತರ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ನನಗೆ ತಕ್ಷಣ ಹೊಳೆದದ್ದು ವಾಸಿಲಿಯೊಕ್. ಸೋವಿಯತ್ ಒಕ್ಕೂಟ 1970ರಲ್ಲಿ ಸೇನೆಗೆ ತಂದ 82 ಮಿ.ಮೀ. ಮಾರ್ಟರ್. ಸಾಮಾನ್ಯ ಮಾರ್ಟರ್‌ಗೆ ಶೆಲ್ಲನ್ನು ಮೇಲಿಂದ ಒಂದೊಂದಾಗಿ ನಳಿಗೆಯೊಳಗೆ ಬಿಡಬೇಕು. ಇದಕ್ಕೆ ನಾಲ್ಕು ಶೆಲ್ಲಿನ ಕ್ಲಿಪ್ ಕೊಟ್ಟರೆ ಪಟಪಟ ಅಂತ ಹಾರಿಸುತ್ತದೆ. (ಹೆಸರಿನ ಅರ್ಥ ಮಾತ್ರ ಒಂದು ನೀಲಿ ಹೂವು. ಹೆಸರಿಟ್ಟವರ ತಲೆಯಲ್ಲಿ ಏನಿತ್ತೋ!) ನಾಲ್ಕು ಸದ್ದು, ನಾಲ್ಕು ಶೆಲ್, ಸರಿಹೋಯ್ತಲ್ಲ ಅಂದುಕೊಂಡು ಜಂಬದಿಂದ ಬರೆದು ಹಾಕಿದೆ.

ಎರಡು ಗಂಟೆಯೊಳಗೆ ಒಬ್ಬರು ಕೇಳಿದರು, "ಸರ್, ಪ್ರತಿ ಢಂ ಆದಮೇಲೂ ಒಂದೇ ಹಕ್ಕಿ ಒಂದೇ ಥರ ಚಿಂವ್ ಅನ್ನುತ್ತಲ್ಲ, ಕೇಳಿಸ್ತಾ?" ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಹೌದು, ಚಿಂವ್. ನಾಲ್ಕು ಅಲೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಯಾರೋ ಒಂದೇ ಸ್ಫೋಟದ ಸದ್ದನ್ನು ನಾಲ್ಕು ಸಲ ಅಂಟಿಸಿದ್ದರು. ಇದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ. ಆ ಚಿತ್ರ ಮ್ಯಾವಿಕ್ ಥರದ ಡ್ರೋನ್‌ನಿಂದ ತೆಗೆದದ್ದು. ಆ ಕ್ಯಾಮೆರಾಗಳಲ್ಲಿ ಮೈಕೇ ಇರುವುದಿಲ್ಲ! ಅಂದರೆ ಅಲ್ಲಿ ಸದ್ದು ಇದ್ದದ್ದೇ ತಪ್ಪು. ಮೊದಲ ನಿಮಿಷದಲ್ಲೇ ನಾನು ಹಿಡಿಯಬೇಕಿದ್ದದ್ದು ಅದು. ಬರೆದದ್ದನ್ನು ಅಳಿಸಲಿಲ್ಲ, ಮೇಲೆ ದೊಡ್ಡದಾಗಿ "ತಪ್ಪು" ಅಂತ ಹಾಕಿ ಕೆಳಗೆ ಕಾರಣ ಬರೆದೆ.

ಅವತ್ತಿನಿಂದ ನನ್ನ ಮೊದಲ ಪ್ರಶ್ನೆ ಒಂದೇ: ಕ್ಯಾಮೆರಾ ಯಾರ ಕೈಲಿತ್ತು? ಡ್ರೋನ್ ಆದರೆ ಸದ್ದು ಪೂರ್ತಿ ಬಂದ್ ಮಾಡಿ ನೋಡುತ್ತೇನೆ, ಯಾಕೆಂದರೆ ಅದರಲ್ಲಿ ಕೇಳುವುದು ಎಡಿಟ್ ಮಾಡಿದವನ ಆಸೆ ಅಷ್ಟೇ. ನೆಲದ ಮೇಲೆ ನಿಂತವನ ಫೋನ್ ಆದರೆ ಉಲ್ಟಾ, ಚಿತ್ರಕ್ಕಿಂತ ಸದ್ದೇ ಚಿನ್ನ. ಬೆಳಕು ಕಂಡ ಫ್ರೇಮ್‌ನಿಂದ ಸದ್ದು ಬಂದ ಫ್ರೇಮ್‌ವರೆಗೆ ಕೀಲಿ ಒತ್ತುತ್ತಾ ಎಣಿಸುತ್ತೇನೆ. ಸೆಕೆಂಡಿಗೆ 30 ಫ್ರೇಮ್ ಇರುವ ವಿಡಿಯೊದಲ್ಲಿ 63 ಫ್ರೇಮ್ ಬಂತು ಅಂದರೆ 2.1 ಸೆಕೆಂಡ್. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಹಾಗಾಗಿ ಸ್ಫೋಟ ಆದದ್ದು ಹತ್ತಿರ ಹತ್ತಿರ 720 ಮೀಟರ್ ದೂರದಲ್ಲಿ. ಉಪಗ್ರಹ ಚಿತ್ರದಲ್ಲಿ ಆ ದೂರಕ್ಕೆ ಒಂದು ವೃತ್ತ ಎಳೆದು, ವಿಡಿಯೊದಲ್ಲಿ ಕಾಣುವ ನೀರಿನ ಟ್ಯಾಂಕೋ ಕಂಬವೋ ಆ ದಿಕ್ಕಿನಲ್ಲಿ ಇದೆಯಾ ನೋಡಿದರೆ ಎಷ್ಟೋ ಸುಳ್ಳು ಅಲ್ಲೇ ಸಾಯುತ್ತವೆ. ಚಿತ್ರದಲ್ಲಿ ಸ್ಫೋಟ ಒಂದು ಕಿಲೋಮೀಟರ್ ಆಚೆ, ಸದ್ದು ಮಾತ್ರ ಅದೇ ಕ್ಷಣಕ್ಕೆ ಬಂತಾ? ಮುಗೀತು, ಅದು ಕತ್ತರಿ ಕೆಲಸ.

ಮಾರ್ಟರ್ ವಿಷಯದಲ್ಲಿ ಎರಡನೇ ಸಲ ಬಿದ್ದದ್ದು ಎಣಿಕೆಯಲ್ಲಿ. ಐದಾರು ಶೆಲ್ ಒಟ್ಟಿಗೆ ಬಿದ್ದರೆ ಐದಾರು ಮಾರ್ಟರ್ ಇವೆ ಅಂತ ನಾನು ತಿಳಿದಿದ್ದೆ. ಹಾಗೇನಿಲ್ಲ. ಫಿನ್ಲೆಂಡ್ ಮತ್ತು ಸ್ವೀಡನ್ ಸೇರಿ ಮಾಡಿದ ಆಮೋಸ್ ಅಂತ ಒಂದಿದೆ, ವಾಹನದ ಮೇಲೆ 120 ಮಿ.ಮೀ.ನ ಜೋಡಿ ನಳಿಗೆ. ಮೊದಲ ಶೆಲ್ಲನ್ನು ತುಂಬಾ ಎತ್ತರಕ್ಕೆ ಹಾರಿಸುತ್ತದೆ, ಆಮೇಲಿನವನ್ನು ಒಂದೊಂದಾಗಿ ಹತ್ತಿರದ ದಾರಿಯಲ್ಲಿ ಕಳಿಸುತ್ತದೆ. ಹಾರಿಸಿದ್ದು ಬೇರೆ ಬೇರೆ ಹೊತ್ತಿಗೆ, ಬೀಳುವುದು ಮಾತ್ರ ಒಟ್ಟಿಗೆ. ಇಷ್ಟು ಅವಸರ ಯಾಕೆ ಅಂದರೆ, ಮಾರ್ಟರ್ ಶೆಲ್ ನಿಧಾನ, ಎತ್ತರದ ಕಮಾನಿನಂತೆ ಬರುತ್ತದೆ, ರಾಡಾರ್ ಅದನ್ನು ನೋಡಿ ಹಾರಿಸಿದ ಜಾಗ ಲೆಕ್ಕ ಹಾಕುತ್ತದೆ. ಎದುರಿನವರ ಶೆಲ್ ಉತ್ತರವಾಗಿ ಬರುವ ಮೊದಲು ಜಾಗ ಖಾಲಿ ಮಾಡಬೇಕು. ವೇಗದ ಮಾರ್ಟರ್ ಹೊಸ ಹುಚ್ಚೇನೂ ಅಲ್ಲ, 1915ರಲ್ಲಿ ಬಂದ ಬ್ರಿಟಿಷರ ಸ್ಟೋಕ್ಸ್ ಮಾರ್ಟರನ್ನೇ ಪಳಗಿದ ಕೈಗಳು ನಿಮಿಷಕ್ಕೆ 25ರವರೆಗೆ ಹಾರಿಸಬಲ್ಲವಾಗಿದ್ದವು. ಈಗ ಆಗಿರುವುದು ಏನು ಅಂದರೆ, ರಾಡಾರ್ ಜೊತೆಗೆ ಡ್ರೋನ್ ಕೂಡ ಮೇಲೆ ನಿಂತಿದೆ. ಶೆಲ್ ಎಲ್ಲಿ ಬಿತ್ತು ಅಂತ ತಮ್ಮವರಿಗೆ ಹೇಳುವುದೂ ಅದೇ, ಎದುರಿನ ಮಾರ್ಟರನ್ನು ಹುಡುಕುವುದೂ ಅದೇ. ಅದಕ್ಕೇ "ಇದು ಮಾರ್ಟರೋ ಡ್ರೋನೋ" ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಬಹಳ ಸಲ "ಎರಡೂ".

ಕೈಗೆ ಸಿಕ್ಕಿದ್ದರಲ್ಲಿ ಮಾಡಿದ ಡ್ರೋನ್‌ಗಳ ಕಥೆಯೂ ನೆನಪಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹಳೆ ವಿಡಿಯೊ ಹೊಸದಾಗಿ ಬಂದಾಗ ಮೋಸ ಹೋಗುತ್ತೇವೆ. 2016ರ ಅಕ್ಟೋಬರ್‌ನಲ್ಲಿ ಇರಾಕಿನ ಎರ್ಬಿಲ್ ಹತ್ತಿರ ಐಸಿಸ್‌ನ ಒಂದು ಪುಟ್ಟ ಡ್ರೋನ್ ಸಿಡಿದು ಇಬ್ಬರು ಕುರ್ದಿಶ್ ಪೆಶ್ಮರ್ಗಾ ಯೋಧರು ಸತ್ತರು. 2018ರ ಜನವರಿಯಲ್ಲಿ ಸಿರಿಯಾದ ರಷ್ಯನ್ ನೆಲೆಗಳ ಮೇಲೆ ಒಂದೇ ರಾತ್ರಿ 13 ಬಂದವು. ಇರಾಕಿನ ಮೊಸುಲ್ ನಗರಕ್ಕಾಗಿ ನಡೆದ ಯುದ್ಧದ ಕಾಲದ ತುಣುಕುಗಳು ಈಗಲೂ ಬೇರೆ ದೇಶದ ಹೆಸರಿನಲ್ಲಿ ಓಡಾಡುತ್ತವೆ. ಇನ್ನು ವಿಡಿಯೊ ಗೇಮಿಂದ ತೆಗೆದವು ಬೇರೆ. ಆರ್ಮಾ 3 ಅನ್ನುವ ಯುದ್ಧದ ಗೇಮಿನ ದೃಶ್ಯಗಳನ್ನು ಯುದ್ಧ ಅಂತ ಹಂಚುವುದು ಎಷ್ಟು ಜಾಸ್ತಿ ಆಯ್ತು ಅಂದರೆ, 2022ರ ನವೆಂಬರ್‌ನಲ್ಲಿ ಗೇಮ್ ಮಾಡಿದ ಕಂಪನಿಯೇ ಅವನ್ನು ಗುರುತಿಸುವುದು ಹೇಗೆ ಅಂತ ಹೇಳಬೇಕಾಯ್ತು.

ಎಫ್‌ಪಿವಿ (ಅದರ ಕ್ಯಾಮೆರಾ ಕಳಿಸುವ ಚಿತ್ರ ನೋಡುತ್ತಾ ಓಡಿಸಿ ಗುರಿಗೆ ಬಡಿಸುವ ಡ್ರೋನ್) ವಿಡಿಯೊ ನೋಡಿ ಯಾವತ್ತೂ "ನಾಶವಾಯಿತು" ಅಂತ ಬರೆಯುವುದಿಲ್ಲ. ಗುರಿ ದೊಡ್ಡದಾಗುತ್ತಾ ಬರುತ್ತದೆ, ಕೊನೇ ಫ್ರೇಮ್‌ನಲ್ಲಿ ಚಿತ್ರ ಒಡೆದು ಬೂದು ಗೆರೆ ಆಗುತ್ತದೆ, ಅಷ್ಟೇ. ಬಡಿಯಿತೋ, ಸಿಡಿಯಲೇ ಇಲ್ಲವೋ, ಸಿಗ್ನಲ್ ಹೋಯಿತೋ ಅದರಲ್ಲಿ ಕಾಣುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಡ್ರೋನ್ ತೆಗೆದದ್ದು ಸಿಕ್ಕರೆ ಮಾತ್ರ ಮುಂದಿನ ಮಾತು.

ಸುಮ್ನೆ ಒಂದು ಮಾತು, ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ. ನಾನು ಮೊದಲ ಸಲ ಯಾವಾಗಲೂ ಚಿಕ್ಕ ಕಿಟಕಿಯಲ್ಲಿ, ಕಪ್ಪು ಬಿಳುಪಿನಲ್ಲಿ ನೋಡುತ್ತೇನೆ. ಅಲ್ಲಿ ಓಡುತ್ತಿರುವುದು ಮನುಷ್ಯರು, ಬಣ್ಣದಲ್ಲಿ ನೋಡಿದ್ದು ರಾತ್ರಿ ನಿದ್ದೆಯಲ್ಲಿ ಬರುತ್ತದೆ. ಹಾಗೇ, ಹೋರಾಟ ಇನ್ನೂ ನಡೆಯುತ್ತಿರುವ ಜಾಗದ ನಿಖರ ಗುರುತು ಸಿಕ್ಕರೂ ಹೊರಗೆ ಹಾಕುವುದಿಲ್ಲ.

ನನ್ನ ಹತ್ತಿರ ಮೂರು ಫೋಲ್ಡರ್ ಇವೆ: ನಿಜ, ಸುಳ್ಳು, ಗೊತ್ತಿಲ್ಲ. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ಫೋನ್‌ನಲ್ಲಿ ತೆಗೆದ ಒಂದು ತುಣುಕಿದೆ, ಕತ್ತಲು, ಒಂದು ಕಿಟಕಿ, ದೂರದಲ್ಲಿ ಆರು ಸದ್ದು, ಯಾರೋ ಮೆಲ್ಲಗೆ ಎಣಿಸುತ್ತಿರುವ ದನಿ. ಬೆಳಕು ಒಂದು ಫ್ರೇಮ್‌ನಲ್ಲೂ ಇಲ್ಲ. ಮೊನ್ನೆ ಮತ್ತೆ ತೆಗೆದು ಕೇಳಿದೆ, ವಾಪಸ್ ಅಲ್ಲೇ ಇಟ್ಟೆ.