ಅಲ್ಯೂಮಿನಿಯಂ ದೋಣಿಗೆ ನೀರೆಳೆಯುವ ಬಾಯಿ ಕೂರಿಸಿದ್ದು: ನನ್ನ ಅನುಭವ

ಓಡುವ ದೋಣಿಯಲ್ಲಿ ಮೀನಿನ ಪೆಟ್ಟಿಗೆಗೆ ಹೊಳೆಯ ನೀರು ಎಳೆದುಕೊಡುವ ಬಾಯಿಯನ್ನು ಮೂರು ವರ್ಷದಲ್ಲಿ ನಾಲ್ಕು ಸಲ ಬಿಚ್ಚಿ ಕಟ್ಟಿದೆ. ನಾಲ್ಕನೆಯದಕ್ಕೆ ಈಗ ಹದಿನಾಲ್ಕು ತಿಂಗಳು. ಒಂದು ಹನಿ ಸೋರಿಲ್ಲ, ಮೀನು ಸಾಕುವ ಪಂಜರದಿಂದ ದಡಕ್ಕೆ ತರುವ ದಾರಿಯಲ್ಲಿ ಒಂದು ಕುರುಡಿ ಮೀನೂ ಸತ್ತಿಲ್ಲ. ಮೊದಲ ತೂತು ಹೊಡೆಯುವಾಗ ದಡದಲ್ಲಿ ನಿಂತಿದ್ದ ಹಿರಿಯರೊಬ್ಬರು, "ಹ್ವಾಯ್, ಅಲ್ಯೂಮಿನಮ್ ದೋಣಿಗೆ ತೂತ್ ಹೊಡೂದಾ? ಕೆಡ್ಸ್ಕಂತ್ರಿ ಕಾಣಿ" ಅಂದಿದ್ದರು. ಆ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಪಂಜರಗಳಿರುವುದು ಕುಂದಾಪುರದ ಪಂಚಗಂಗಾವಳಿ ಹಿನ್ನೀರಿನಲ್ಲಿ. ದಡಕ್ಕೆ ನಾಲ್ಕು ಕಿಲೋಮೀಟರ್, ಇಳಿತ ಎದುರಾದರೆ ಅರ್ಧ ಗಂಟೆಗೂ ಮೇಲೆ. ದೋಣಿ 14 ಅಡಿಯದು, ಸೆಕೆಂಡ್ ಹ್ಯಾಂಡ್, 9.9 ಎಚ್.ಪಿ. ಇಂಜಿನ್. ನಡುವೆ 200 ಲೀಟರಿನ ಪೆಟ್ಟಿಗೆ, ಅದರಲ್ಲಿ ಸುಮಾರು 30 ಕೆ.ಜಿ. ಮೀನು. ಜೀವಂತ ಮುಟ್ಟಿಸಿದರೆ ಹೋಟೆಲಿನವರು ಕೆ.ಜಿ.ಗೆ 80-100 ರೂಪಾಯಿ ಹೆಚ್ಚು ಕೊಡುತ್ತಾರೆ. ಬಕೆಟಿನಲ್ಲಿ ನೀರು ಹೊಯ್ಯುತ್ತಾ ಬಂದ ಕಾಲದಲ್ಲಿ ಬೇಸಿಗೆಯಲ್ಲಿ ನಾಲ್ಕಕ್ಕೊಂದು ಮೀನು ಹೊಟ್ಟೆ ಮೇಲೆ ಮಾಡುತ್ತಿತ್ತು.

ಮೊದಲು ಪಂಪನ್ನೇ ಪೈಪಿಗೆ ಕಟ್ಟಿ ಪಕ್ಕದಿಂದ ನೀರಿಗೆ ಇಳಿಬಿಟ್ಟೆ. ನಿಂತಲ್ಲಿ ಚೆನ್ನಾಗಿತ್ತು. ದೋಣಿ ಓಡಿದ ಕೂಡಲೇ ಪೈಪು ಹಿಂದಕ್ಕೆ ವಾಲಿ ಗಾಳಿ ಎಳೆಯಿತು. ಮೂರನೇ ದಿನ ಬಲೆಯ ಹಗ್ಗಕ್ಕೆ ಸಿಕ್ಕಿ ಪಂಪು ಹೊಳೆಪಾಲು. 1,900 ರೂಪಾಯಿ.

ಎರಡನೆಯದು ದೊಡ್ಡ ತಪ್ಪು. ಟ್ರಾನ್ಸಮ್‌ನಲ್ಲಿ ಅಂದರೆ ಇಂಜಿನ್ ಕೂರುವ ಹಿಂಬದಿಯ ಗೋಡೆಯಲ್ಲಿ, ನೀರಿನ ಮಟ್ಟದ ಕೆಳಗೆ ತೂತು ಹೊಡೆದು ಹಿತ್ತಾಳೆಯ ಫಿಟ್ಟಿಂಗ್ ಹಾಕಿದೆ. ಗಟ್ಟಿ ಇರುತ್ತದೆ ಅಂತ ಅಂಗಡಿಯವರು ಕೊಟ್ಟರು, ನಾನೂ ತಂದೆ. 12 ಕಿ.ಮೀ. ವೇಗ ದಾಟಿದ ಮೇಲೆ ನೀರು ತಳದ ಅಂಚಿನಿಂದಲೇ ಕಡಿದು ಹಿಂದೆ ಹೋಗುತ್ತದೆ, ಟ್ರಾನ್ಸಮ್ ಒಣಗಿ ನಿಲ್ಲುತ್ತದೆ, ತೂತಿಗೆ ಸಿಗುವುದು ಬರೀ ಗಾಳಿ. ಅದಕ್ಕಿಂತ ಕೆಟ್ಟದ್ದು ನಿಧಾನವಾಗಿ ಆಗುತ್ತಿತ್ತು. ಉಪ್ಪುನೀರಿನಲ್ಲಿ ಹಿತ್ತಾಳೆ ಅಲ್ಯೂಮಿನಿಯಂ ತಾಗಿಕೊಂಡಿದ್ದರೆ ಅದೊಂದು ಬ್ಯಾಟರಿ, ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ಐದು ತಿಂಗಳಲ್ಲಿ ತೂತಿನ ಸುತ್ತ ಬಿಳಿ ಪುಡಿ ಎದ್ದಿತ್ತು. ಉಗುರಿನಲ್ಲಿ ಕೆರೆದರೆ ಕೆಳಗೆ ಗುಳಿ. ಆ ದಿನ ಎದೆ ಧಸಕ್ಕೆಂದಿತು. ಮಂಗಳೂರಿಗೆ ಒಯ್ದು ಆರ್ಗಾನ್ ವೆಲ್ಡಿಂಗಿನಲ್ಲಿ ತೇಪೆ ಹಾಕಿಸಿದ್ದು ಸಾಗಾಟ ಸೇರಿ ನಾಲ್ಕೂವರೆ ಸಾವಿರದ ಹತ್ತಿರ.

ಮೂರನೆಯದಕ್ಕೆ ಪಿ.ವಿ.ಸಿ. ಎಲ್ಬೋ ತಳಕ್ಕಿಂತ ಎರಡು ಇಂಚು ಕೆಳಗೆ ಇಳಿಸಿ, ಬಾಯಿ ಮುಂದಕ್ಕೆ ಮಾಡಿದೆ. ನೀರು ಬಂತು, ಆದರೆ ನೊರೆ ನೊರೆ. ಅದರ ನೇರ ಮುಂದೆ ತಳದಲ್ಲಿ ರಿವೆಟ್ಟಿನ ಸಾಲು ಇತ್ತು. ರಿವೆಟ್ಟಿನ ತಲೆ ಎಬ್ಬಿಸಿದ ಗುಳ್ಳೆಯೆಲ್ಲ ಬಾಯಿಗೆ ನುಗ್ಗುತ್ತಿತ್ತು. ಎಲ್ಬೋ ಇಂಜಿನಿಗೆ ಒಂದು ಗೇಣೂ ದೂರ ಇರಲಿಲ್ಲ, ಅದರ ಹಿಂದಿನ ಸುಳಿ ಫ್ಯಾನಿಗೆ ಹೋಗಿ ಇಂಜಿನ್ ಸುಮ್ಮನೆ ಕೂಗುತ್ತಿತ್ತು. ಕೊನೆಗೆ ಮರಳ ದಿಬ್ಬಕ್ಕೆ ತಾಗಿ ಮುರಿಯಿತು.

ಈಗಿನದು ಹೀಗೆ. ನೈಲಾನ್ ರಾಡು ತಂದು ಲೇಥಿನವರ ಹತ್ತಿರ ಕಡೆಸಿದೆ, 600 ರೂಪಾಯಿ. ಟ್ರಾನ್ಸಮ್‌ಗೆ ಅಂಟಿ ಕೆಳಗಿಳಿದು, ತಳಕ್ಕಿಂತ 20 ಮಿ.ಮೀ. ಮಾತ್ರ ಹೊರಬಂದು ಮುಂದಕ್ಕೆ ಬಾಯಿ ತೆರೆದ ತುಂಡು. ಜಾಗ ಹುಡುಕಲು ಒಂದು ಬೆಳಿಗ್ಗೆ ಪೂರ್ತಿ ಕೊಟ್ಟೆ. ಮಗನಿಗೆ ಇಂಜಿನ್ ಕೊಟ್ಟು ನಾನು ಹಿಂದೆ ಬಗ್ಗಿ ಕುಳಿತು, ಯಾವ ಪಟ್ಟಿಯಲ್ಲಿ ನೀರು ಗಾಜಿನ ಹಾಗೆ ಬರುತ್ತದೆ ಅಂತ ನೋಡಿ ಮಾರ್ಕರಿನಲ್ಲಿ ಗೆರೆ ಎಳೆದೆ. ಸಿಕ್ಕಿದ್ದು ಎಡಬದಿ, ಇಂಜಿನಿನಿಂದ 35 ಸೆಂ.ಮೀ. ಆಚೆ, ಎರಡು ರಿವೆಟ್ ಸಾಲಿನ ನಡುವೆ.

ತೂತಿಗೆ 26 ಮಿ.ಮೀ. ಹೋಲ್ ಸಾ (ದುಂಡಗೆ ಕೊಯ್ಯುವ ಗರಗಸ), ನಿಧಾನ ವೇಗ, ಸೀಮೆಎಣ್ಣೆ ಹನಿಸುತ್ತಾ. ಅಂಚನ್ನು ಅರದಲ್ಲಿ ಉಜ್ಜಿ ನುಣುಪು ಮಾಡಿ. ಒಳಗಿನ ಆಸರೆಗೆ ಪ್ಲೈವುಡ್ ಇಡಬೇಡಿ, ಅದು ನೀರು ಹೀರಿ ಹಿಡಿದಿಡುತ್ತದೆ. ನಾನು ಅಡುಗೆಮನೆಯ ಹಳೆ ಪ್ಲಾಸ್ಟಿಕ್ ಕಟಿಂಗ್ ಬೋರ್ಡ್ ಕೊಯ್ದು ಹಾಕಿದೆ. ಸ್ಟೀಲ್ ಬೋಲ್ಟಿಗೆಲ್ಲ ನೈಲಾನ್ ವಾಷರ್. ಸೀಲಿಗೆ ಪಾಲಿಯುರೆಥೇನ್ ಟ್ಯೂಬು. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಹುಳಿ ಅಲ್ಯೂಮಿನಿಯಮ್ಮಿಗೆ ಆಗುವುದಿಲ್ಲ. ಎರಡು ದಿನ ಒಣಗಲು ಬಿಟ್ಟೆ.

ಪಂಪು ನೀರಿನ ಮಟ್ಟಕ್ಕಿಂತ ಕೆಳಗೇ ಕೂರಬೇಕು, ಈ ಜಾತಿಯ ಪಂಪು ತಾನಾಗಿ ನೀರು ಎಳೆದುಕೊಳ್ಳುವುದಿಲ್ಲ. ಪೈಪು ಎಲ್ಲಿಯೂ ಡುಬ್ಬ ಏಳದೆ ಏರುತ್ತಲೇ ಪೆಟ್ಟಿಗೆಗೆ ಹೋಗಬೇಕು. ಡುಬ್ಬ ಇದ್ದಲ್ಲಿ ಗಾಳಿ ಕೂತರೆ ಪಂಪು ಬರೀ ಗುಂಯ್ ಅನ್ನುತ್ತದೆ. ತೂತಿಗೂ ಪಂಪಿಗೂ ನಡುವೆ ಒಂದು ಪ್ಲಾಸ್ಟಿಕ್ ವಾಲ್ವ್. ವೈರು ಎರಡನ್ನೂ ಬ್ಯಾಟರಿಗೇ ಎಳೆಯಿರಿ, ನೆಗೆಟಿವ್ ಅನ್ನು ದೋಣಿಯ ಮೈಗೆ ಕೊಟ್ಟರೆ ಹಿತ್ತಾಳೆಗಿಂತ ಬೇಗ ತಿಂದುಹಾಕುತ್ತದೆ. ಪಂಪು ಬಂದ ಡಬ್ಬಿಯ ಮೇಲೆ ಗಂಟೆಗೆ 1,100 ಗ್ಯಾಲನ್ ಅಂತ ಬರೆದಿತ್ತು, ಅಂದರೆ ನಿಮಿಷಕ್ಕೆ 69 ಲೀಟರ್. ಬಕೆಟಿಟ್ಟು ಮೊಬೈಲಿನಲ್ಲಿ ಅಳೆದರೆ ಬಂದದ್ದು 38ರ ಆಸುಪಾಸು. ನನ್ನ ಮೀನಿಗೆ ಅಷ್ಟು ಸಾಕು. ಈ ಸಲದ ಒಟ್ಟು ಖರ್ಚು ಪಂಪು ಬಿಟ್ಟು 2,300. ಹಿಂದಿನ ಮೂರಕ್ಕೆ ಹೋದದ್ದು, ಸತ್ತ ಮೀನು ಸೇರಿಸಿ, ಹದಿನಾಲ್ಕು ಸಾವಿರಕ್ಕೆ ಕಡಿಮೆ ಇಲ್ಲ.

ಬಾಯಿಯನ್ನು ಯಾವ ಕೋನದಲ್ಲಿ ಕೊಯ್ಯಬೇಕು, ಅದರ ಒಳಗೆ ಚಿಪ್ಪು ಹಿಡಿಯದ ಹಾಗೆ ನಾನು ಏನು ಸವರುತ್ತೇನೆ, ಇವೆರಡನ್ನು ಬರೆಯುವುದಿಲ್ಲ. ಎರಡು ಮಳೆಗಾಲ ಕಳೆದು ಕಂಡುಕೊಂಡದ್ದು. ತಾಮ್ರದ ಪೇಂಟ್ ಅಲ್ಲ ಅಂತ ಮಾತ್ರ ಹೇಳುತ್ತೇನೆ, ಅದು ಅಲ್ಯೂಮಿನಿಯಂ ದೋಣಿಗೆ ವಿಷ.

ಒಂದು ದಿನ ಫ್ಯೂಸ್ ಹೋಯಿತು, ಆದರೂ ಪೆಟ್ಟಿಗೆಗೆ ನೀರು ಬೀಳುತ್ತಲೇ ಇತ್ತು. ವೇಗದ ಒತ್ತಡಕ್ಕೇ ನೀರು ಏರುತ್ತಿತ್ತು. ಆಮೇಲೆ ಬೇಕೆಂದೇ ಪಂಪು ಆರಿಸಿ ನೋಡಿದೆ. ನನ್ನ ಪೆಟ್ಟಿಗೆಯ ಬಾಯಿ ನೀರಿನ ಮಟ್ಟದಿಂದ 40 ಸೆಂ.ಮೀ. ಮೇಲೆ, 13 ಕಿ.ಮೀ. ವೇಗಕ್ಕೆ ಧಾರೆ ಶುರು. ಈಗ ಓಡುವಾಗ ಪಂಪು ಆರಿಸಿಯೇ ಇಡುತ್ತೇನೆ, ಬ್ಯಾಟರಿ ಎರಡು ಪಟ್ಟು ದಿನ ಬರುತ್ತದೆ. ಪೈಪಿನ ತುದಿ ಮಾತ್ರ ಪೆಟ್ಟಿಗೆಯ ನೀರಿನಿಂದ ಮೇಲಿರಲಿ, ಇಲ್ಲವಾದರೆ ದೋಣಿ ನಿಂತ ಕೂಡಲೇ ಪೆಟ್ಟಿಗೆ ಹಿಂದಕ್ಕೆ ಬಸಿದುಹೋಗುತ್ತದೆ.

ಆಷಾಢದಲ್ಲಿ ಇನ್ನೊಂದು ಸಂಗತಿ ಕಂಡಿತು. ಹೊಳೆ ಕೆಂಪಾದಾಗ ಸಿಹಿನೀರು ಹಗುರ, ಮೇಲೆ ತೇಲುತ್ತದೆ, ಉಪ್ಪು ಕೆಳಗೆ ಉಳಿಯುತ್ತದೆ. ನಮ್ಮ ಬಾಯಿಗೆ ಸಿಗುವುದು ಮೇಲಿನ ಸಿಹಿನೀರು. ಕುರುಡಿ ತಡೆದುಕೊಳ್ಳುತ್ತದೆ, ಕೆಂಬೇರಿ ಮೀನು ತಡೆಯಲಿಲ್ಲ, ಒಂದೇ ಸಲಕ್ಕೆ ಆರೇಳು ಕೆ.ಜಿ. ಹೋಯಿತು. ಅಂಥ ದಿನ ಪಂಜರದ ಹತ್ತಿರವೇ ಎರಡು ಮೀಟರ್ ಪೈಪನ್ನು ಕೆಳಗೆ ಬಿಟ್ಟು ಪೆಟ್ಟಿಗೆ ತುಂಬಿಸಿ, ವಾಲ್ವ್ ಮುಚ್ಚಿ, ಗಾಳಿಯ ಪಂಪು ಹಚ್ಚಿ ಬರುತ್ತೇನೆ.

ದಡದಲ್ಲಿ ನಿಂತು ಮಾತಾಡಿದ ಹಿರಿಯರು ಹೋದ ವಾರ ಮನೆಗೆ ಬಂದಿದ್ದರು. "ನಮ್ ದೋಣಿಗೂ ಒಂದ್ ಹಾಕಿ ಕೊಡ್ತ್ರಿಯಾ?" ಅಂದರು. ಅವರದು ಫೈಬರ್. ತಿನ್ನುವ ಭಯ ಇಲ್ಲ, ಆದರೆ ಕೊಯ್ದ ಅಂಚಿಗೆ ರೆಸಿನ್ ಕುಡಿಸದಿದ್ದರೆ ಒಳಗೆ ನೀರು ಇಳಿಯುತ್ತದೆ. ನೈಲಾನ್ ತುಂಡು ಕಡೆಸಿ ತಂದಿಟ್ಟಿದ್ದೇನೆ, ಭಾನುವಾರ ಇಳಿತಕ್ಕೆ ದೋಣಿ ಮರಳ ಮೇಲೆ ಕೂತಾಗ ತೂತು ಹೊಡೆಯುವುದು.